ರಾಬರ್ಟ್ ಫಿಟ್ಜ್‌ರಾಯ್: ಬಿರುಗಾಳಿಗೆ ಮುನ್ನ ಎಚ್ಚರಿಸಿದ ನೌಕಾಧಿಕಾರಿ

ನಾವಿಕರಿಗಾಗಿ ಬಿಬಿಸಿ ರೇಡಿಯೊ ಬಿತ್ತರಿಸುವ ಹವಾಮಾನ ವಾರ್ತೆಗಾಗಿ ಬ್ರಿಟನ್ನಿನ ಸುತ್ತಲಿನ ಸಮುದ್ರವನ್ನು 31 ವಲಯಗಳಾಗಿ ವಿಂಗಡಿಸಲಾಗಿದೆ. ಈ ವಲಯಗಳ ಹೆಸರುಗಳು ನದಿ, ದ್ವೀಪ, ಕೊಲ್ಲಿ, ಮರಳುದಿಬ್ಬಗಳಿಂದ ಬಂದವು. ಒಂದು ವಲಯಕ್ಕೆ ಮಾತ್ರ ಮನುಷ್ಯನೊಬ್ಬನ ಹೆಸರಿದೆ, ಅದು 'ಫಿಟ್ಜ್‌ರಾಯ್'. ಸ್ಪೇನ್ ದೇಶದ ವಾಯವ್ಯ ತುದಿಯ ಆಚೆಗಿರುವ ಈ ವಲಯವನ್ನು ಮೊದಲು ಫಿನಿಸ್ಟರ್ ಎಂದು ಕರೆಯಲಾಗುತ್ತಿತ್ತು. ಅದೇ ಹೆಸರನ್ನು ಸ್ಪೇನ್ ತನ್ನ ಬೇರೊಂದು ವಲಯಕ್ಕೆ ಬಳಸುತ್ತಿದ್ದುದರಿಂದ ಉಂಟಾಗುತ್ತಿದ್ದ ಗೊಂದಲವನ್ನು ತಪ್ಪಿಸಲು 2002ರ ಫೆಬ್ರುವರಿ 4ರಂದು ಹೊಸ ಹೆಸರು ಜಾರಿಗೆ ಬಂತು.

ರಾಬರ್ಟ್ ಫಿಟ್ಜ್‌ರಾಯ್ (1805-1865) ಬ್ರಿಟಿಷ್ ರಾಜನೌಕಾಪಡೆಯ ಅಧಿಕಾರಿ, ಸಮುದ್ರ ಸಮೀಕ್ಷಕ, ನ್ಯೂಜಿಲೆಂಡಿನ ಎರಡನೆಯ ಗವರ್ನರ್ ಮತ್ತು ಬ್ರಿಟಿಷ್ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ. ಸಾಮಾನ್ಯ ಓದುಗರಿಗೆ ಇವರ ಪರಿಚಯವಿರುವುದು ಚಾರ್ಲ್ಸ್ ಡಾರ್ವಿನ್ನರನ್ನು 'ಬೀಗಲ್' ಹಡಗಿನಲ್ಲಿ ಕರೆದೊಯ್ದ ಕಪ್ತಾನರಾಗಿ ಮಾತ್ರ. ಆದರೆ ಮನುಕುಲಕ್ಕೆ ಅವರಿಂದ ಸಂದ ನೇರ ಉಪಕಾರ ಬೇರೆಯೇ ಆಗಿದೆ. ನಾಳಿನ ಗಾಳಿ ಮಳೆಯನ್ನು ಇಂದೇ ಲೆಕ್ಕಹಾಕಿ, ಅದನ್ನು ಸರಕಾರದ ಹೊಣೆಯಾಗಿ ಜನರಿಗೆ ತಿಳಿಸುವ ಪದ್ಧತಿಯನ್ನು ಬ್ರಿಟನ್ನಿನಲ್ಲಿ ಹುಟ್ಟುಹಾಕಿದವರು ಅವರೇ. ಆ ಕೆಲಸಕ್ಕಾಗಿ ಅವರು ತೆತ್ತ ಬೆಲೆ ಅಲ್ಪವಲ್ಲ.

ವಂಶ ಮತ್ತು ಶಿಕ್ಷಣ

ಫಿಟ್ಜ್‌ರಾಯ್ ಜನಿಸಿದ್ದು 1805ರ ಜುಲೈ 5ರಂದು, ಇಂಗ್ಲೆಂಡಿನ ಸಫೋಕ್ ಪ್ರಾಂತದ ಆಂಪ್ಟನ್ ಹಾಲ್ ಎಂಬ ಬಂಗಲೆಯಲ್ಲಿ. ತಂದೆ ಸೇನಾಧಿಕಾರಿ ಲಾರ್ಡ್ ಚಾರ್ಲ್ಸ್ ಫಿಟ್ಜ್‌ರಾಯ್. ತಾತ ಗ್ರಾಫ್ಟನ್ನಿನ ಮೂರನೆಯ ಡ್ಯೂಕ್ ಒಂದು ಕಾಲದಲ್ಲಿ ಬ್ರಿಟನ್ನಿನ ಪ್ರಧಾನಿಯಾಗಿದ್ದವರು. ಎರಡನೆಯ ಚಾರ್ಲ್ಸ್ ದೊರೆಯ ಅನೌರಸ ಸಂತತಿಗೆ ಸೇರಿದ ಈ ಮನೆತನದ ಹೆಸರಿಗೆ 'ರಾಜನ ಮಗ' ಎಂದೇ ಅರ್ಥ. ತಾಯಿಯ ಕಡೆಯಿಂದ ಅವರ ಸೋದರಮಾವ, ನೆಪೋಲಿಯನ್ ಕಾಲದ ಖ್ಯಾತ ವಿದೇಶಾಂಗ ಸಚಿವ ಲಾರ್ಡ್ ಕ್ಯಾಸಲ್‌ರೇ. ಈ ಮಾವ 1822ರಲ್ಲಿ ಮನೋವ್ಯಾಕುಲತೆಯಿಂದ ಆತ್ಮಹತ್ಯೆ ಮಾಡಿಕೊಂಡಾಗ ಫಿಟ್ಜ್‌ರಾಯ್ ಅವರಿಗೆ ಹದಿನೇಳು ವರ್ಷ. ಅದೇ ವ್ಯಾಧಿ ತಮ್ಮ ರಕ್ತದಲ್ಲಿಯೂ ಇರಬಹುದೆಂಬ ಭಯ ಜೀವನದುದ್ದಕ್ಕೂ ಅವರನ್ನು ಬಿಡಲಿಲ್ಲ.

ಹನ್ನೆರಡನೆಯ ವಯಸ್ಸಿನಲ್ಲಿ, 1818ರಲ್ಲಿ, ಪೋರ್ಟ್ಸ್‌ಮತ್‌ನ ರಾಜನೌಕಾ ಕಾಲೇಜಿಗೆ ಸೇರಿದ ಬಾಲಕ ಗಣಿತದಲ್ಲಿ ಅಸಾಧಾರಣ ಪ್ರತಿಭೆ ತೋರಿದ. 1824ರಲ್ಲಿ ಲೆಫ್ಟಿನೆಂಟ್ ಪದವಿಯ ಪರೀಕ್ಷೆಯಲ್ಲಿ ಪೂರ್ಣ ಅಂಕ ಗಳಿಸಿದಾಗ, ಅಂತಹ ಸಾಧನೆ ಮಾಡಿದ ಪ್ರಥಮ ಅಭ್ಯರ್ಥಿಯೆನಿಸಿದರು. ಮುಂದೆ ದಕ್ಷಿಣ ಅಮೆರಿಕದ ಕರಾವಳಿಯಲ್ಲಿ ರಿಯರ್ ಅಡ್ಮಿರಲ್ ರಾಬರ್ಟ್ ಆಟ್ವೇ ಅವರ ಧ್ವಜನೌಕೆ 'ಗ್ಯಾಂಜಸ್'ನಲ್ಲಿ ನೇಮಕಗೊಂಡರು. ಗಂಗೆಯ ಹೆಸರು ಹೊತ್ತ ಈ ಹಡಗನ್ನು ಮುಂಬಯಿಯ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದ ಪಾರ್ಸಿ ಶಿಲ್ಪಿಗಳು ತೇಗದ ಮರದಿಂದ ನಿರ್ಮಿಸಿ 1821ರಲ್ಲಿ ನೀರಿಗಿಳಿಸಿದ್ದರು.

ಇಪ್ಪತ್ತಮೂರರ ಕಪ್ತಾನ

ದಕ್ಷಿಣ ಅಮೆರಿಕದ ತುದಿಯಲ್ಲಿ ಸಮೀಕ್ಷೆ ನಡೆಸುತ್ತಿದ್ದ ಬೀಗಲ್ ಹಡಗಿನ ಕಮಾಂಡರ್ ಪ್ರಿಂಗಲ್ ಸ್ಟೋಕ್ಸ್, ಆ ನಿರ್ಜನ ತೀರಗಳ ಏಕಾಂತ, ಚಳಿ ಮತ್ತು ಬಿರುಗಾಳಿಗಳಿಂದ ಕುಗ್ಗಿಹೋಗಿ 1828ರ ಆಗಸ್ಟ್‌ನಲ್ಲಿ ತಮ್ಮ ಜೀವ ತೆಗೆದುಕೊಂಡರು. ತೆರವಾದ ಸ್ಥಾನಕ್ಕೆ ಆಟ್ವೇ ಅವರು ನೇಮಿಸಿದ್ದು ತಮ್ಮ ಸಹಾಯಕ ಫಿಟ್ಜ್‌ರಾಯ್ ಅವರನ್ನು. ಆಗ ಅವರ ವಯಸ್ಸು 23.

ಅಧಿಕಾರ ವಹಿಸಿಕೊಂಡ ಕೆಲವೇ ವಾರಗಳಲ್ಲಿ ನಡೆದ ಒಂದು ಘಟನೆ ಮುಂದಿನ ಬದುಕಿಗೆಲ್ಲ ದಿಕ್ಕು ತೋರಿಸಿತೆನ್ನಬಹುದು. 1829ರ ಜನವರಿ ಅಂತ್ಯದಲ್ಲಿ ಪ್ಲೇಟ್ ನದೀಮುಖದ ಮಾಲ್ಡೊನಾಡೊ ಬಳಿ, ಸ್ಥಳೀಯರು 'ಪಂಪೇರೊ' ಎಂದು ಕರೆಯುವ ಬಿರುಗಾಳಿ ಬೀಗಲ್‌ಗೆ ಬಡಿಯಿತು. ಹಡಗು ಪೂರ್ತಿ ಮಗುಚುವಷ್ಟು ವಾಲಿತು. ಕೂವೆಮರಗಳ ಮೇಲ್ಭಾಗ ಮುರಿದು ಬಿದ್ದಿತು. ಇಬ್ಬರು ನಾವಿಕರು ಸಮುದ್ರದ ಪಾಲಾದರು. ಗಾಳಿ ಬರುವ ಮೊದಲೇ ಬ್ಯಾರೋಮೀಟರಿನ ಪಾದರಸ ಇಳಿದಿತ್ತು. ಆ ಸೂಚನೆಯನ್ನು ತಾವು ಲಕ್ಷಿಸದೇ ಹೋದುದೇ ಎರಡು ಜೀವಗಳಿಗೆ ಎರವಾಯಿತು ಎಂದು ಯುವ ಕಪ್ತಾನ ಭಾವಿಸಿದರು. ಬಂಗಾಳ ಕೊಲ್ಲಿಯಲ್ಲಿ 'ವಾಯುಭಾರ ಕುಸಿತ' ಎಂಬ ಮಾತನ್ನು ಮಳೆಗಾಲದಲ್ಲಿ ದಿನವೂ ಓದುವ ನಮಗೆ ಆ ಕುಸಿತದ ಅರ್ಥ ಗೊತ್ತು. 1829ರಲ್ಲಿ ಆ ಗಾಜಿನ ನಳಿಗೆಯ ಮಾತನ್ನು ನಂಬಿ ಹಾಯಿ ಇಳಿಸುವ ಕಪ್ತಾನರು ಹೆಚ್ಚಿರಲಿಲ್ಲ. ಫಿಟ್ಜ್‌ರಾಯ್ ಮತ್ತೆಂದೂ ಆ ತಪ್ಪು ಮಾಡಲಿಲ್ಲ.

ಟಿಯೆರಾ ಡೆಲ್ ಫ್ಯೂಗೊ ದ್ವೀಪಸಮೂಹದಲ್ಲಿ 1830ರಲ್ಲಿ ಅವರು ಎಸಗಿದ ಇನ್ನೊಂದು ಕಾರ್ಯವನ್ನು ಮಾತ್ರ ಸಮರ್ಥಿಸುವುದು ಕಷ್ಟ. ಮೂಲನಿವಾಸಿಗಳು ಹಡಗಿನ ದೋಣಿಯೊಂದನ್ನು ಕದ್ದೊಯ್ದಾಗ, ಅದನ್ನು ಮರಳಿ ಪಡೆಯಲು ಕೆಲವರನ್ನು ಒತ್ತೆಯಾಳುಗಳಾಗಿ ಹಿಡಿದರು. ದೋಣಿ ಸಿಗಲಿಲ್ಲ, ಒತ್ತೆಯಾಳುಗಳು ಉಳಿದರು. ಕೊನೆಗೆ ಒಬ್ಬ ಬಾಲಕಿಯೂ ಸೇರಿದಂತೆ ನಾಲ್ವರನ್ನು ಇಂಗ್ಲೆಂಡಿಗೆ ಕರೆದೊಯ್ದು 'ನಾಗರಿಕ'ರನ್ನಾಗಿಸಿ ಹಿಂದಿರುಗಿಸುವ ಯೋಜನೆ ಅವರ ತಲೆಯಲ್ಲಿ ಮೂಡಿತು. ಇವರಲ್ಲಿ ಒಬ್ಬ ಹುಡುಗನನ್ನು ಮುತ್ತಿನ ಚಿಪ್ಪಿನ ಗುಂಡಿಯೊಂದನ್ನು ಕೊಟ್ಟು ಪಡೆದುದರಿಂದ ಅವನಿಗೆ ಜೆಮ್ಮಿ ಬಟನ್ ಎಂದೇ ಹೆಸರಿಡಲಾಯಿತು. ನಾಲ್ವರಲ್ಲಿ ಒಬ್ಬ ಇಂಗ್ಲೆಂಡ್ ತಲುಪಿದ ಕೆಲವೇ ದಿನಗಳಲ್ಲಿ ಸಿಡುಬಿಗೆ ಬಲಿಯಾದ. ಉಳಿದ ಮೂವರು ವಾಲ್ಥಮ್‌ಸ್ಟೋದ ಶಾಲೆಯಲ್ಲಿ ಇಂಗ್ಲಿಷ್ ಕಲಿತರು, ನಾಲ್ಕನೆಯ ವಿಲಿಯಂ ದೊರೆಯ ದರ್ಶನ ಪಡೆದರು. ಅವರನ್ನು ಸ್ವದೇಶಕ್ಕೆ ಮರಳಿಸುವ ಮಾತನ್ನು ಉಳಿಸಿಕೊಳ್ಳಲು ಫಿಟ್ಜ್‌ರಾಯ್ ಸ್ವಂತ ಹಣದಿಂದಲೇ ಒಂದು ಹಡಗನ್ನು ಬಾಡಿಗೆಗೆ ಗೊತ್ತುಮಾಡಿದ್ದರು. ಅಷ್ಟರಲ್ಲಿ ನೌಕಾಡಳಿತ ಮನಸ್ಸು ಬದಲಿಸಿ ಬೀಗಲ್‌ನ ಎರಡನೆಯ ಯಾನಕ್ಕೆ ಅನುಮತಿ ನೀಡಿತು.

ಬೀಗಲ್‌ನ ಎರಡನೆಯ ಯಾನ

ಬೀಗಲ್ ಕೇವಲ 90 ಅಡಿ ಉದ್ದದ ಪುಟ್ಟ ಹಡಗು. ಅದರಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನ. ಕಪ್ತಾನರಾದವರು ಶಿಸ್ತಿನ ಕಾರಣಕ್ಕೆ ಕೆಳಗಿನ ಅಧಿಕಾರಿಗಳೊಡನೆ ಸಲುಗೆಯಿಂದ ಇರುವಂತಿಲ್ಲ. ಸ್ಟೋಕ್ಸ್ ಅವರ ಗತಿಯನ್ನೂ ಸೋದರಮಾವನ ಅಂತ್ಯವನ್ನೂ ನೆನೆದ ಫಿಟ್ಜ್‌ರಾಯ್, ಊಟದ ಮೇಜಿನಲ್ಲಿ ಸರಿಸಮಾನವಾಗಿ ಮಾತನಾಡಬಲ್ಲ ವಿದ್ಯಾವಂತ ಸಂಗಾತಿಯೊಬ್ಬ ಬೇಕೆಂದು ನೌಕಾಪಡೆಯ ಜಲಸಮೀಕ್ಷಾ ಮುಖ್ಯಸ್ಥ ಫ್ರಾನ್ಸಿಸ್ ಬೋಫರ್ಟ್ ಅವರನ್ನು ಕೋರಿದರು. ಕೇಂಬ್ರಿಜ್‌ನ ಪ್ರಾಧ್ಯಾಪಕರ ಮೂಲಕ ಹಾದು ಆ ಕೋರಿಕೆ ತಲುಪಿದ್ದು 22 ವರ್ಷದ ಡಾರ್ವಿನ್ನರನ್ನು. ಮುಖಲಕ್ಷಣ ಶಾಸ್ತ್ರದಲ್ಲಿ ನಂಬಿಕೆಯಿದ್ದ ಕಪ್ತಾನರಿಗೆ ಡಾರ್ವಿನ್ನರ ಮೂಗಿನ ಆಕಾರ ಹಿಡಿಸಲಿಲ್ಲವಂತೆ! ಅಂತಹ ಮೂಗಿನವನಲ್ಲಿ ದೀರ್ಘ ಯಾನಕ್ಕೆ ಬೇಕಾದ ಛಲ ಇರಲಾರದೆಂದು ಅವರು ಶಂಕಿಸಿದ್ದರು. ಶಂಕೆ ಹೇಗೋ ಕರಗಿತು. ಅಷ್ಟೇ ಅಲ್ಲ, ಯಾನದ ಆರಂಭದಲ್ಲಿ ಚಾರ್ಲ್ಸ್ ಲಯೆಲ್ ಅವರ ಭೂವಿಜ್ಞಾನ ಗ್ರಂಥದ ಮೊದಲ ಸಂಪುಟವನ್ನು ಡಾರ್ವಿನ್ನರಿಗೆ ಕಾಣಿಕೆಯಾಗಿ ಕೊಟ್ಟವರೂ ಅವರೇ. ಡಾರ್ವಿನ್ನರ ಚಿಂತನೆಯನ್ನು ರೂಪಿಸಿದ ಕೃತಿಗಳಲ್ಲಿ ಅದು ಮುಖ್ಯವಾದುದೆಂಬುದು ಇತಿಹಾಸದ ವಿನೋದಗಳಲ್ಲೊಂದು.

1831ರ ಡಿಸೆಂಬರ್ 27ರಂದು ಹೊರಟ ಹಡಗು ಹಿಂದಿರುಗಿದ್ದು 1836ರ ಅಕ್ಟೋಬರ್ 2ರಂದು. ರೇಖಾಂಶದ ನಿಖರ ಲೆಕ್ಕಕ್ಕಾಗಿ ಅದರಲ್ಲಿ 22 ಕ್ರೋನೋಮೀಟರುಗಳಿದ್ದವು. ಅವುಗಳಲ್ಲಿ ಆರು ಕಪ್ತಾನರ ಸ್ವಂತದ್ದು. ಬೋಫರ್ಟ್ ರೂಪಿಸಿದ ಗಾಳಿಯ ವೇಗದ ಶ್ರೇಣಿಯನ್ನು ದಿನಚರಿಯಲ್ಲಿ ಕ್ರಮಬದ್ಧವಾಗಿ ಬಳಸಿದ್ದು ಈ ಯಾನದಲ್ಲಿಯೇ. ವಿಲಿಯಂ ಸ್ನೋ ಹ್ಯಾರಿಸ್ ಸಿದ್ಧಪಡಿಸಿದ್ದ ಮಿಂಚುವಾಹಕಗಳನ್ನು ಕೂವೆಮರಗಳಿಗೆ ಅಳವಡಿಸಲಾಗಿತ್ತು. ಪ್ಯಾಟಗೋನಿಯಾ, ಫಾಕ್ಲೆಂಡ್ ದ್ವೀಪಗಳು ಹಾಗೂ ಚಿಲಿ ತೀರದ ನಕ್ಷೆಗಳು ಎಷ್ಟು ಕರಾರುವಾಕ್ಕಾಗಿದ್ದವೆಂದರೆ ಇಪ್ಪತ್ತನೆಯ ಶತಮಾನದಲ್ಲಿಯೂ ನಾವಿಕರು ಅವನ್ನು ಬಳಸುತ್ತಿದ್ದರು.

ಕಪ್ತಾನರ ಕೋಪ ಹಡಗಿನಲ್ಲಿ ಪ್ರಸಿದ್ಧವಾಗಿತ್ತು. 1832ರಲ್ಲಿ ಬ್ರೆಜಿಲ್‌ನಲ್ಲಿ ಗುಲಾಮಗಿರಿಯ ವಿಷಯವಾಗಿ ಇಬ್ಬರಲ್ಲಿ ವಾಗ್ವಾದವಾಯಿತು. ತಾವು ಕಂಡ ಜಮೀನುದಾರನೊಬ್ಬ ತನ್ನ ಗುಲಾಮರನ್ನು ಕರೆಸಿ ಸ್ವಾತಂತ್ರ್ಯ ಬೇಕೇ ಎಂದು ಕೇಳಿದಾಗ ಎಲ್ಲರೂ ಬೇಡವೆಂದರು ಎಂದು ಫಿಟ್ಜ್‌ರಾಯ್ ಹೇಳಿದರು. ಯಜಮಾನನ ಎದುರಿನಲ್ಲಿ ಕೊಟ್ಟ ಉತ್ತರಕ್ಕೆ ಬೆಲೆಯೇನು ಎಂದು ಡಾರ್ವಿನ್ ಕೇಳಿಬಿಟ್ಟರು. ತಮ್ಮ ಮಾತನ್ನು ಶಂಕಿಸುವವರೊಡನೆ ತಾವು ಇರಲಾರೆವೆಂದು ಕಪ್ತಾನರು ಕಿಡಿಕಾರಿದರು. ಡಾರ್ವಿನ್ ಹಡಗು ಬಿಡುವ ಹಂತಕ್ಕೆ ಬಂದರು. ಆದರೆ ಕೆಲವೇ ಗಂಟೆಗಳಲ್ಲಿ ಫಿಟ್ಜ್‌ರಾಯ್ ಕ್ಷಮೆ ಯಾಚಿಸಿ ಹೇಳಿಕಳುಹಿಸಿದರು. ಟಿಯೆರಾ ಡೆಲ್ ಫ್ಯೂಗೊದಲ್ಲಿ ಹಿಮನದಿಯ ತುಂಡು ಕಳಚಿ ಬಿದ್ದು ಎದ್ದ ಅಲೆಯಿಂದ ದೋಣಿಗಳನ್ನು ಉಳಿಸಲು ಓಡಿದವರಲ್ಲಿ ಡಾರ್ವಿನ್ ಇದ್ದರು. ಮೆಚ್ಚಿದ ಕಪ್ತಾನರು ಅಲ್ಲಿನ ಜಲಸಂಧಿಯೊಂದಕ್ಕೂ ಪರ್ವತಕ್ಕೂ ಡಾರ್ವಿನ್ನರ ಹೆಸರನ್ನೇ ಇಟ್ಟರು.

ಆ ಮೂವರು ಮೂಲನಿವಾಸಿಗಳನ್ನು 1833ರ ಜನವರಿಯಲ್ಲಿ ಒಬ್ಬ ಮಿಷನರಿಯೊಂದಿಗೆ ಅವರ ತೀರದಲ್ಲಿ ಇಳಿಸಲಾಯಿತು. ಕೆಲವೇ ದಿನಗಳಲ್ಲಿ ಸಾಮಾನುಗಳ ಲೂಟಿಯಾಗಿ ಮಿಷನರಿ ಹಡಗಿಗೆ ಮರಳಿದರು. ಮರುವರ್ಷ ಬೀಗಲ್ ಅಲ್ಲಿಗೆ ಹೋದಾಗ ದೋಣಿಯಲ್ಲಿ ಬಂದ ಕೃಶಕಾಯದ, ಕೆದರಿದ ಕೂದಲಿನ ಮನುಷ್ಯನೇ ಜೆಮ್ಮಿ ಬಟನ್ ಎಂದು ಗುರುತಿಸುವುದೇ ಕಷ್ಟವಾಯಿತು. ಮತ್ತೆ ಇಂಗ್ಲೆಂಡಿಗೆ ಬರುವ ಇಚ್ಛೆ ತನಗಿಲ್ಲವೆಂದು ಆತ ಸ್ಪಷ್ಟವಾಗಿ ತಿಳಿಸಿದ. ಮೂರು ವರ್ಷಗಳ ಪ್ರಯೋಗಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಕಿರಲಿಲ್ಲ.

ಸಮೀಕ್ಷೆಯ ಕೆಲಸಕ್ಕೆ ಒಂದೇ ಹಡಗು ಸಾಲದೆಂದು ಫಿಟ್ಜ್‌ರಾಯ್ 1833ರಲ್ಲಿ ಮೇಲಧಿಕಾರಿಗಳ ಅನುಮತಿಗೆ ಕಾಯದೆ 1,300 ಪೌಂಡ್ ಸ್ವಂತ ಹಣ ತೆತ್ತು 'ಅಡ್ವೆಂಚರ್' ಎಂಬ ಎರಡನೆಯ ನೌಕೆಯನ್ನು ಕೊಂಡರು. ನೌಕಾಡಳಿತ ಹಣ ಮರಳಿಸಲು ನಿರಾಕರಿಸಿತು, ನೌಕೆಯನ್ನು ಮಾರಬೇಕಾಯಿತು. ಈ ಆಘಾತ, ಅತಿಯಾದ ದುಡಿಮೆಗಳಿಂದ 1834ರ ಕೊನೆಯಲ್ಲಿ ವಾಲ್ಪರೈಸೊ ಬಂದರಿನಲ್ಲಿ ಅವರು ತೀವ್ರ ಖಿನ್ನತೆಗೊಳಗಾದರು. ತಮ್ಮ ಬುದ್ಧಿ ಸ್ಥಿಮಿತ ತಪ್ಪುತ್ತಿದೆಯೆಂದು ಹೇಳಿ ಅಧಿಕಾರವನ್ನೇ ತ್ಯಜಿಸಲು ಮುಂದಾದರು. ಲೆಫ್ಟಿನೆಂಟ್ ವಿಕ್‌ಹ್ಯಾಮ್ ತಮಗೆ ಬರಬೇಕಾಗಿದ್ದ ಬಡ್ತಿಯನ್ನು ಬದಿಗಿರಿಸಿ ಅವರ ಮನವೊಲಿಸದಿದ್ದರೆ ಹಡಗು ಗಲಪಗೋಸ್ ದ್ವೀಪಗಳಿಗೆ ಹೋಗುತ್ತಲೇ ಇರಲಿಲ್ಲ. ಅಲ್ಲಿಗೆ ಬೀಗಲ್ ತಲುಪಿದ್ದು 1835ರ ಸೆಪ್ಟೆಂಬರ್‌ನಲ್ಲಿ.

ಗವರ್ನರ್ ಹುದ್ದೆಯ ಸೋಲು

ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದ 1837ರಲ್ಲಿಯೇ ಫಿಟ್ಜ್‌ರಾಯ್ ಅವರಿಗೆ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಚಿನ್ನದ ಪದಕ ಸಂದಿತು. ಯಾನದ ವೃತ್ತಾಂತ 1839ರಲ್ಲಿ ಪ್ರಕಟವಾಯಿತು. ಅದರ ಮೂರನೆಯ ಸಂಪುಟವಾಗಿ ಬಂದ ಡಾರ್ವಿನ್ನರ ದಿನಚರಿ, ಕಪ್ತಾನರ ಬರೆಹವನ್ನು ಮರೆಮಾಡಿ ಜನಪ್ರಿಯವಾಯಿತು. 1841ರಲ್ಲಿ ಡರಮ್ ಕ್ಷೇತ್ರದಿಂದ ಸಂಸತ್ತಿಗೆ ಆಯ್ಕೆಯಾದ ಅವರು 1843ರಲ್ಲಿ ನ್ಯೂಜಿಲೆಂಡಿನ ಗವರ್ನರ್ ಆಗಿ ನೇಮಕಗೊಂಡರು.

ಅಲ್ಲಿ ಅವರಿಗೆ ಕಾದಿದ್ದುದು ಸೇನೆಯೂ ಇಲ್ಲದ, ಬೊಕ್ಕಸದಲ್ಲಿ ಹಣವೂ ಇಲ್ಲದ ಆಡಳಿತ. ಅವರು ಬರುವ ಕೆಲವು ತಿಂಗಳ ಹಿಂದೆ ವೈರಾವ್ ಎಂಬಲ್ಲಿ ಭೂಮಿಯ ವ್ಯಾಜ್ಯವಾಗಿ ವಲಸಿಗರಿಗೂ ಮಾವೊರಿಗಳಿಗೂ ಘರ್ಷಣೆ ನಡೆದು 22 ಮಂದಿ ಬ್ರಿಟಿಷರು ಸತ್ತಿದ್ದರು. ವಿಚಾರಣೆ ನಡೆಸಿದ ಹೊಸ ಗವರ್ನರ್, ತಪ್ಪು ವಲಸಿಗರದ್ದೇ ಎಂದು ಬಹಿರಂಗವಾಗಿ ಸಾರಿ ಮಾವೊರಿ ನಾಯಕರ ಮೇಲೆ ಕ್ರಮ ಕೈಗೊಳ್ಳಲು ನಿರಾಕರಿಸಿದರು. ಬ್ರಿಟಿಷ್ ವಸಾಹತಿನ ಅಧಿಕಾರಿಯೊಬ್ಬರಿಂದ ಆ ಕಾಲದಲ್ಲಿ ಇಂತಹ ತೀರ್ಪು ಬಂದಿತೆಂಬುದು ಗಮನಾರ್ಹ. ಭೂಮಿ ಮಾರಾಟವನ್ನೇ ವ್ಯಾಪಾರ ಮಾಡಿಕೊಂಡಿದ್ದ ನ್ಯೂಜಿಲೆಂಡ್ ಕಂಪೆನಿ ಅವರ ಬದ್ಧವೈರಿಯಾಯಿತು. ಆದರೆ ಅವರ ಸೋಲಿಗೆ ಕಂಪೆನಿಯೊಂದೇ ಕಾರಣವಲ್ಲ. ಲಂಡನ್ನಿನ ಒಪ್ಪಿಗೆಯಿಲ್ಲದೆ ಕಾಗದದ ಹಣ ಹೊರಡಿಸಿದ್ದು, ಸುಂಕಗಳನ್ನು ಒಮ್ಮೆ ತೆಗೆದು ಮತ್ತೊಮ್ಮೆ ಹೇರಿದ್ದು, ಕಡಲಿನಲ್ಲಿ ನಡೆಯುವ ಆಜ್ಞೆಯ ಧಾಟಿಯನ್ನೇ ನೆಲದ ಮೇಲೂ ತಂದದ್ದು, ಇವೆಲ್ಲ ಸೇರಿ ಅವರ ಸ್ಥಾನವನ್ನು ದುರ್ಬಲಗೊಳಿಸಿದವು. ಕೊರೊರಾರೆಕದ ಬ್ರಿಟಿಷ್ ಧ್ವಜಸ್ತಂಭವನ್ನು ಹೋನೆ ಹೆಕೆಯ ಪಡೆ ಮತ್ತೆ ಮತ್ತೆ ಕಡಿದುರುಳಿಸಿ 1845ರ ಮಾರ್ಚ್‌ನಲ್ಲಿ ಯುದ್ಧವೇ ಆರಂಭವಾಯಿತು. ಅದೇ ವರ್ಷ ಅವರನ್ನು ಹಿಂದಕ್ಕೆ ಕರೆಸಿಕೊಂಡು ಜಾರ್ಜ್ ಗ್ರೇ ಅವರನ್ನು ನೇಮಿಸಲಾಯಿತು.

ಮುಂದೆ ವುಲ್ವಿಚ್ ಹಡಗುಕಟ್ಟೆಯ ಮೇಲ್ವಿಚಾರಣೆ, ಆವಿಯಂತ್ರ ಮತ್ತು ತಿರುಪುಚಕ್ರ ಅಳವಡಿಸಿದ 'ಅರೊಗಂಟ್' ಯುದ್ಧನೌಕೆಯ ನಾಯಕತ್ವ ಇವು ದೊರೆತರೂ ಅನಾರೋಗ್ಯದ ಕಾರಣ 1850ರಲ್ಲಿ ಕಡಲಸೇವೆಯಿಂದ ಅವರು ನಿವೃತ್ತರಾದರು. 1851ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಲಭಿಸಿತು. ಅದಕ್ಕೆ ಬೆಂಬಲ ನೀಡಿದವರಲ್ಲಿ ಡಾರ್ವಿನ್ ಕೂಡ ಒಬ್ಬರು.

ಅಂಕಿಸಂಖ್ಯೆಯಿಂದ ಮುನ್ಸೂಚನೆಗೆ

ಅಮೆರಿಕದ ನೌಕಾಧಿಕಾರಿ ಮ್ಯಾಥ್ಯೂ ಮೌರಿ ಅವರ ಪ್ರಯತ್ನದಿಂದ 1853ರಲ್ಲಿ ಬ್ರಸೆಲ್ಸ್‌ನಲ್ಲಿ ಸಮ್ಮೇಳನ ನಡೆದು, ಹಡಗುಗಳು ಎಲ್ಲೆಡೆ ಒಂದೇ ಕ್ರಮದಲ್ಲಿ ಹವೆಯ ವಿವರ ದಾಖಲಿಸಬೇಕೆಂಬ ನಿರ್ಧಾರವಾಯಿತು. ಇದರ ಫಲವಾಗಿ 1854ರಲ್ಲಿ ಬ್ರಿಟಿಷ್ ವ್ಯಾಪಾರ ಮಂಡಳಿಯ ಅಡಿಯಲ್ಲಿ ಒಂದು ಪುಟ್ಟ ಹವಾಮಾನ ಶಾಖೆ ಆರಂಭವಾಯಿತು. ಅದರ ಮುಖ್ಯಸ್ಥರಾಗಿ ಬಂದ ಫಿಟ್ಜ್‌ರಾಯ್ ಅವರಿಗೆ ಕೊಡಲಾದ ಕೆಲಸ ಸ್ಪಷ್ಟವಾಗಿತ್ತು: ಹಡಗುಗಳ ದಿನಚರಿಗಳಿಂದ ಅಂಕಿಸಂಖ್ಯೆ ಸಂಗ್ರಹಿಸುವುದು, ಗಾಳಿಯ ನಕ್ಷೆಗಳನ್ನು ತಯಾರಿಸುವುದು. ನಾಳೆ ಏನಾಗುವುದೆಂದು ಹೇಳಿರೆಂದು ಅವರನ್ನು ಯಾರೂ ಕೇಳಿರಲಿಲ್ಲ.

ಕಪ್ತಾನರಿಗೆ ಅಷ್ಟು ಸಾಲದಾಯಿತು. ಬಡ ಮೀನುಗಾರರ ಬಂದರುಗಳಿಗೆ ಗಟ್ಟಿಮುಟ್ಟಾದ ಬ್ಯಾರೋಮೀಟರುಗಳನ್ನು ಎರವಲಾಗಿ ಒದಗಿಸಿ, ಪಾದರಸದ ಏರಿಳಿತವನ್ನು ಓದುವ ಬಗೆಯನ್ನು ಸರಳವಾದ ಕೈಪಿಡಿಯಲ್ಲಿ ಬರೆದು ಹಂಚಿದರು. ಅವುಗಳಲ್ಲಿ ಕೆಲವು ಸ್ಕಾಟ್ಲೆಂಡಿನ ಬಂದರುಗಳಲ್ಲಿ ಉಳಿದುಬಂದಿವೆ.

1859ರ ಅಕ್ಟೋಬರ್ 25ರ ರಾತ್ರಿ ನಡೆದ ದುರಂತ ಸರಕಾರವನ್ನೂ ಎಚ್ಚರಿಸಿತು. ಮೆಲ್ಬರ್ನ್‌ನಿಂದ ಲಿವರ್‌ಪೂಲ್‌ಗೆ ಬರುತ್ತಿದ್ದ 'ರಾಯಲ್ ಚಾರ್ಟರ್' ಎಂಬ ಹಡಗು ಗಮ್ಯ ತಲುಪಲು ಕೆಲವೇ ಗಂಟೆಗಳಿದ್ದಾಗ ವೇಲ್ಸ್‌ನ ಆಂಗ್ಲಸಿ ದ್ವೀಪದ ಬಂಡೆಗಳಿಗೆ ಅಪ್ಪಳಿಸಿತು. ಆಸ್ಟ್ರೇಲಿಯದ ಚಿನ್ನದ ಗಣಿಗಳಲ್ಲಿ ಗಳಿಸಿ ಊರಿಗೆ ಮರಳುತ್ತಿದ್ದವರೂ ಸೇರಿ ಸುಮಾರು 450 ಜನ ಸತ್ತರು. ಹೆಂಗಸರು, ಮಕ್ಕಳಲ್ಲಿ ಒಬ್ಬರೂ ಉಳಿಯಲಿಲ್ಲ. ಅದೇ ಬಿರುಗಾಳಿ ಬ್ರಿಟನ್ ತೀರದಲ್ಲಿ 133 ಹಡಗುಗಳನ್ನು ಮುಳುಗಿಸಿತು. ಫಿಟ್ಜ್‌ರಾಯ್ ಆ ದಿನಗಳ ದಾಖಲೆಗಳನ್ನು ದೀಪಸ್ತಂಭಗಳಿಂದ, ಹಡಗುಗಳಿಂದ ಕಲೆಹಾಕಿ, ಒಂದೊಂದು ಗಳಿಗೆಗೆ ಇಡೀ ದೇಶದ ಗಾಳಿ ಹೇಗಿತ್ತೆಂದು ನಕ್ಷೆಗಳಲ್ಲಿ ಗುರುತಿಸಿದರು. ಬಿರುಗಾಳಿ ಎಲ್ಲಿಂದಲೋ ಹಠಾತ್ತನೆ ಎರಗಿದ್ದಲ್ಲ, ದಾರಿ ಹಿಡಿದು ಸಾಗಿಬಂದದ್ದು ಎಂಬುದು ಆ ನಕ್ಷೆಗಳಿಂದ ಕಂಡುಬಂತು. ಗಾಳಿಗಿಂತ ತಂತಿ ಸಂದೇಶ ವೇಗವಾಗಿ ಹೋಗುತ್ತದೆ. ಹಾಗಿದ್ದರೆ ಒಂದು ಬಂದರಿಗೆ ಬಡಿದ ಬಿರುಗಾಳಿಯ ಸುದ್ದಿ ಮುಂದಿನ ಬಂದರಿಗೆ ಮೊದಲೇ ತಲುಪಬಾರದೇಕೆ?

ಸುಮಾರು 15 ಕೇಂದ್ರಗಳಿಂದ ಪ್ರತಿದಿನ ಬೆಳಗ್ಗೆ ವಾಯುಭಾರ, ಉಷ್ಣತೆ, ಗಾಳಿಯ ದಿಕ್ಕು ಮುಂತಾದ ವಿವರಗಳು ತಂತಿಯ ಮೂಲಕ ಲಂಡನ್ ಸೇರುವ ಏರ್ಪಾಡಾಯಿತು. 1861ರ ಫೆಬ್ರುವರಿಯಲ್ಲಿ ಮೊದಲ ಬಿರುಗಾಳಿ ಎಚ್ಚರಿಕೆ ಹೊರಟಿತು. ಸಂದೇಶ ಬಂದೊಡನೆ ಬಂದರಿನ ಕಂಬಕ್ಕೆ ಕ್ಯಾನ್ವಾಸಿನ ಶಂಕುವನ್ನೋ ಡೋಲನ್ನೋ ಏರಿಸಬೇಕು. ಶಂಕುವಿನ ತುದಿ ಮೇಲಿದ್ದರೆ ಉತ್ತರದ ಬಿರುಗಾಳಿ, ಕೆಳಗಿದ್ದರೆ ದಕ್ಷಿಣದ್ದು. ಡೋಲು ಕಂಡರೆ ಒಂದರ ಹಿಂದೊಂದು ಗಾಳಿಗಳು. ಎರಡೂ ಇದ್ದರೆ ಭಾರೀ ಅಪಾಯ. ರಾತ್ರಿಯಲ್ಲಿ ಅದೇ ಆಕಾರದಲ್ಲಿ ಲಾಟೀನುಗಳು. ಅಕ್ಷರ ಬಾರದ ಬೆಸ್ತನೂ ದೂರದಿಂದಲೇ ಓದಬಹುದಾದ ಲಿಪಿಯಿದು.

ಎಚ್ಚರಿಕೆಗಾಗಿ ಹೇಗೂ ಪ್ರತಿದಿನ ಲೆಕ್ಕ ಹಾಕುತ್ತಿದ್ದುದರಿಂದ ಅದನ್ನು ಸಾರ್ವಜನಿಕರಿಗೂ ಏಕೆ ತಿಳಿಸಬಾರದೆಂಬ ಯೋಚನೆ ಬಂದಿತು. ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಯಲ್ಲಿ 1861ರ ಆಗಸ್ಟ್ 1ರಂದು ಅವರ ಮೊದಲ ದೈನಂದಿನ ಮುನ್ಸೂಚನೆ ಪ್ರಕಟವಾಯಿತು. ಉತ್ತರ, ಪಶ್ಚಿಮ, ದಕ್ಷಿಣ ಭಾಗಗಳಿಗೆ ಒಂದೊಂದೇ ಸಾಲು. ಮೂರೂ ಕಡೆ ಹವೆ ಚೆನ್ನಾಗಿರುವುದೆಂಬ ಸಮಾಚಾರ. ಇದು ಭವಿಷ್ಯವಾಣಿಯೂ ಅಲ್ಲ, ಕಣಿಯೂ ಅಲ್ಲ, ಲೆಕ್ಕಾಚಾರದಿಂದ ಮೂಡಿದ ಅಭಿಪ್ರಾಯ ಮಾತ್ರ ಎಂದು ತಿಳಿಯಪಡಿಸಲು ಇಂಗ್ಲಿಷಿನಲ್ಲಿ 'ಫೋರ್‌ಕಾಸ್ಟ್' ಎಂಬ ಪದವನ್ನು ಈ ಅರ್ಥದಲ್ಲಿ ಬಳಕೆಗೆ ತಂದವರೂ ಅವರೇ. 1863ರಲ್ಲಿ ಬಂದ ಅವರ 'ದಿ ವೆದರ್ ಬುಕ್' ಗ್ರಂಥದಲ್ಲಿ, ಧ್ರುವದ ಕಡೆಯ ಶೀತಗಾಳಿ ಮತ್ತು ಉಷ್ಣವಲಯದ ಬಿಸಿಗಾಳಿಗಳು ಸಂಧಿಸುವಲ್ಲಿ ಬಿರುಗಾಳಿಗಳು ಹುಟ್ಟುತ್ತವೆಂಬ ಕಲ್ಪನೆಯಿದೆ. ನಾರ್ವೆಯ ವಿಜ್ಞಾನಿಗಳು ಇದೇ ಜಾಡಿನಲ್ಲಿ ಸಿದ್ಧಾಂತ ಮಂಡಿಸಿದ್ದು ಮೊದಲ ಮಹಾಯುದ್ಧದ ನಂತರ.

ಒತ್ತಡ ಮತ್ತು ಅಂತ್ಯ

ಮುನ್ಸೂಚನೆ ನಿಜವಾದ ದಿನ ಯಾರಿಗೂ ನೆನಪಿರುವುದಿಲ್ಲ, ಸುಳ್ಳಾದ ದಿನ ಎಲ್ಲರೂ ಮಾತನಾಡುತ್ತಾರೆ. ಇಂದಿನ ಹವಾಮಾನ ಇಲಾಖೆಗಳಿಗೂ ತಪ್ಪದ ಈ ಕಷ್ಟವನ್ನು ಮೊದಲು ಅನುಭವಿಸಿದವರು ಫಿಟ್ಜ್‌ರಾಯ್. ಮುನ್ಸೂಚನೆ ಅಚ್ಚು ಹಾಕುತ್ತಿದ್ದ 'ಟೈಮ್ಸ್' ಪತ್ರಿಕೆಯೇ ಅದರ ತಪ್ಪುಗಳಿಗೆ ತಾನು ಹೊಣೆಯಲ್ಲವೆಂದು ಕುಟುಕಿತು. ಸಂಸತ್ತಿನಲ್ಲಿ ತಂತಿಯ ಖರ್ಚಿನ ಬಗೆಗೆ ಆಕ್ಷೇಪಗಳೆದ್ದವು. ಸಿದ್ಧಾಂತ ಸ್ಥಿರಪಡದೆ ಊಹೆಯನ್ನು ಸರಕಾರದ ಮುದ್ರೆಯೊಂದಿಗೆ ಪ್ರಕಟಿಸುವುದು ವಿಜ್ಞಾನಕ್ಕೆ ಶೋಭೆಯಲ್ಲವೆಂದು ವಿದ್ವಾಂಸರು ವಾದಿಸಿದರು. ಅವರ ಆಕ್ಷೇಪದಲ್ಲಿ ಹುರುಳಿರಲಿಲ್ಲವೆಂದಲ್ಲ. ಲೆಕ್ಕ ಕಟ್ಟುವ ನಿಯಮಗಳನ್ನು ಫಿಟ್ಜ್‌ರಾಯ್ ಸ್ಪಷ್ಟವಾಗಿ ಬರೆದಿಟ್ಟಿರಲಿಲ್ಲ, ಬಹಳಷ್ಟು ಅವರ ಅನುಭವದ ಮೇಲೆ ನಿಂತಿತ್ತು. ಆದರೆ ಸಿದ್ಧಾಂತ ಪೂರ್ಣವಾಗುವವರೆಗೆ ಕಾಯಿರೆಂದು ನಾಳೆ ಬೆಳಗ್ಗೆ ಬಲೆ ಹಾಕಲು ಹೋಗುವವನಿಗೆ ಹೇಳುವುದು ಹೇಗೆ ಎಂಬ ಅವರ ಪ್ರಶ್ನೆಗೆ ವಿದ್ವಾಂಸರಲ್ಲಿ ಉತ್ತರವಿರಲಿಲ್ಲ.

ವೈಯಕ್ತಿಕ ನೋವುಗಳೂ ಜೊತೆಗೂಡಿದವು. 1852ರಲ್ಲಿ ಮೊದಲ ಪತ್ನಿ ತೀರಿಕೊಂಡಿದ್ದರು. ಅವರು ಬಯಸಿದ್ದ ವ್ಯಾಪಾರ ಮಂಡಳಿಯ ಮುಖ್ಯ ನೌಕಾಧಿಕಾರಿ ಹುದ್ದೆ, ಒಂದು ಕಾಲದಲ್ಲಿ ಬೀಗಲ್‌ನಲ್ಲಿ ಅವರ ಕೈಕೆಳಗೆ ದುಡಿದಿದ್ದ ಬಾರ್ಥಲೊಮ್ಯೂ ಸಲಿವನ್ ಅವರ ಪಾಲಾಯಿತು. ಬೈಬಲನ್ನು ಅಕ್ಷರಶಃ ನಂಬುತ್ತಿದ್ದ ಅವರಿಗೆ 1859ರಲ್ಲಿ ಪ್ರಕಟವಾದ ಡಾರ್ವಿನ್ನರ 'ಆರಿಜಿನ್ ಆಫ್ ಸ್ಪೀಶೀಸ್' ತಮ್ಮದೇ ಹಡಗಿನಲ್ಲಿ ಮೊಳೆತ ದ್ರೋಹವೆಂಬಂತೆ ಕಂಡಿತು. 1860ರ ಜೂನ್ 30ರಂದು ಆಕ್ಸ್‌ಫರ್ಡ್‌ನಲ್ಲಿ ವಿಕಾಸವಾದದ ಮೇಲೆ ನಡೆದ ಪ್ರಸಿದ್ಧ ವಾಗ್ವಾದದ ಸಭೆಯಲ್ಲಿ, ಬಿರುಗಾಳಿಗಳ ಕುರಿತ ಪ್ರಬಂಧ ಮಂಡಿಸಲು ಆ ಊರಿಗೆ ಬಂದಿದ್ದ ಫಿಟ್ಜ್‌ರಾಯ್ ಎದ್ದುನಿಂತು, ಕೈಯಲ್ಲಿ ಬೈಬಲ್ ಎತ್ತಿ ಹಿಡಿದು, ಮನುಷ್ಯನಿಗಿಂತ ದೇವರನ್ನು ನಂಬಿರೆಂದು ಮೊರೆಯಿಟ್ಟರು. ಸಭೆ ಅವರ ಮಾತಿಗೆ ಕಿವಿಗೊಡಲಿಲ್ಲ.

1863ರಲ್ಲಿ ವೈಸ್ ಅಡ್ಮಿರಲ್ ಪದವಿಗೇರಿದರೂ ಆರೋಗ್ಯ ಕೆಡುತ್ತಿತ್ತು, ಕಿವಿ ಮಂದವಾಗುತ್ತಿತ್ತು, ನಿದ್ರೆ ದೂರವಾಗಿತ್ತು. 1865ರ ಏಪ್ರಿಲ್ 30ರ ಭಾನುವಾರ ಬೆಳಗ್ಗೆ, ಲಂಡನ್ ಹೊರವಲಯದ ಅಪ್ಪರ್ ನಾರ್ವುಡ್‌ನ ಮನೆಯಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ವಯಸ್ಸು 59.

ಆಗ ಬೆಳಕಿಗೆ ಬಂದ ಸಂಗತಿಯೆಂದರೆ, ಪಿತ್ರಾರ್ಜಿತವಾಗಿ ಬಂದ ಸಂಪತ್ತನ್ನೆಲ್ಲ, ಅಂದರೆ ಸುಮಾರು 6,000 ಪೌಂಡುಗಳನ್ನು, ಅವರು ಸರಕಾರಿ ಕೆಲಸಗಳಿಗಾಗಿಯೇ ವ್ಯಯಿಸಿ ಕುಟುಂಬಕ್ಕೆ ಏನನ್ನೂ ಉಳಿಸಿರಲಿಲ್ಲ. ಸಲಿವನ್ ಮುಂದಾಳಾಗಿ ಸಹಾಯನಿಧಿ ಸಂಗ್ರಹಿಸಿದರು. ಸರಕಾರ 3,000 ಪೌಂಡ್ ನೀಡಿತು. ಡಾರ್ವಿನ್ 100 ಪೌಂಡ್ ಕಳುಹಿಸಿದರು. ವಿಕ್ಟೋರಿಯಾ ರಾಣಿ ಅವರ ಪತ್ನಿ ಮತ್ತು ಪುತ್ರಿಯರಿಗೆ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ವಾಸಕ್ಕೆ ಅವಕಾಶ ಮಾಡಿಕೊಟ್ಟರು.

ನಿಲುಗಡೆ ಮತ್ತು ಪುನರಾರಂಭ

ಇಲಾಖೆಯ ಕಾರ್ಯವನ್ನು ಪರಿಶೀಲಿಸಲು ನೇಮಕವಾದ ಸಮಿತಿಯ ಅಧ್ಯಕ್ಷರು ಫ್ರಾನ್ಸಿಸ್ ಗಾಲ್ಟನ್. ಡಾರ್ವಿನ್ನರಂತೆಯೇ ಇರಾಸ್ಮಸ್ ಡಾರ್ವಿನ್ನರ ಮೊಮ್ಮಗನಾದ ಗಾಲ್ಟನ್ ಸ್ವತಃ ಹವಾಮಾನ ನಕ್ಷೆಗಳ ಅಭ್ಯಾಸಿ. 'ಆಂಟಿಸೈಕ್ಲೋನ್' ಎಂಬ ಪದ ಅವರ ಕೊಡುಗೆ. ಅವರ ಸಮಿತಿಯ ವರದಿಯಂತೆ 1866ರಲ್ಲಿ ದೈನಂದಿನ ಮುನ್ಸೂಚನೆಯೂ, ಆ ವರ್ಷದ ಅಂತ್ಯಕ್ಕೆ ಬಿರುಗಾಳಿ ಎಚ್ಚರಿಕೆಯೂ ನಿಂತುಹೋದವು. ಬಂದರಿನ ಕಂಬಗಳು ಬರಿದಾದವು. ವಿದ್ವಾಂಸರು ನಿರೀಕ್ಷಿಸದಿದ್ದ ಸಂಗತಿ ಆಗ ನಡೆಯಿತು. ತಪ್ಪಾದರೂ ಚಿಂತೆಯಿಲ್ಲ, ಎಚ್ಚರಿಕೆ ಬೇಕೇ ಬೇಕೆಂದು ಕರಾವಳಿಯ ಊರುಗಳಿಂದ, ನಾವಿಕರಿಂದ ಒತ್ತಾಯ ಬಂದಿತು. ಒಂದು ವರ್ಷದೊಳಗೆ, 1867ರ ಕೊನೆಯಲ್ಲಿ, ಬಿರುಗಾಳಿಯ ಸಂಕೇತಗಳು ಮತ್ತೆ ಕಂಬವೇರಿದವು. ಪತ್ರಿಕೆಗಳ ದೈನಂದಿನ ಮುನ್ಸೂಚನೆ ಮರಳಲು ಮಾತ್ರ 1879ರವರೆಗೆ ಕಾಯಬೇಕಾಯಿತು.

ಭಾರತದಲ್ಲಿ ಬಂದರುಗಳಿಗೆ ಬಿರುಗಾಳಿಯ ಎಚ್ಚರಿಕೆ ನೀಡುವ ಪದ್ಧತಿ ಮೊದಲಾದದ್ದು ಕಲ್ಕತ್ತದಲ್ಲಿ, ಫಿಟ್ಜ್‌ರಾಯ್ ತೀರಿಕೊಂಡ 1865ರಲ್ಲಿಯೇ. ಅದರ ಹಿಂದಿನ ವರ್ಷದ ಅಕ್ಟೋಬರ್‌ನಲ್ಲಿ ಅಲ್ಲಿಗೆ ಅಪ್ಪಳಿಸಿದ ಚಂಡಮಾರುತಕ್ಕೆ ಸುಮಾರು 60,000 ಜನ ಬಲಿಯಾಗಿದ್ದರು. ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾದದ್ದು 1875ರಲ್ಲಿ. ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಎದ್ದಾಗ ಮಂಗಳೂರು, ಕಾರವಾರ ಬಂದರುಗಳಲ್ಲಿ ಇಂತಿಷ್ಟನೆಯ ಅಪಾಯ ಸಂಕೇತ ಏರಿಸಲಾಗಿದೆ ಎಂಬ ಸುದ್ದಿ ಬರುತ್ತದೆಯಲ್ಲ, ಆ ಸಂಕೇತಗಳಲ್ಲಿಯೂ ಹಗಲು ಶಂಕು ಮತ್ತು ಸಿಲಿಂಡರ್, ರಾತ್ರಿ ದೀಪಗಳು ಎಂಬುದೇ ಕ್ರಮ.

ಅಪ್ಪರ್ ನಾರ್ವುಡ್‌ನ ಆಲ್ ಸೇಂಟ್ಸ್ ಚರ್ಚಿನ ಅಂಗಳದಲ್ಲಿರುವ ಫಿಟ್ಜ್‌ರಾಯ್ ಅವರ ಸಮಾಧಿಯನ್ನು ಬ್ರಿಟಿಷ್ ಹವಾಮಾನ ಇಲಾಖೆ 1981ರಲ್ಲಿ ಜೀರ್ಣೋದ್ಧಾರಗೊಳಿಸಿತು. ಇಲಾಖೆಯ ಕೇಂದ್ರ ಕಚೇರಿ 2003ರಲ್ಲಿ ಎಕ್ಸಿಟರ್ ನಗರಕ್ಕೆ ಸ್ಥಳಾಂತರಗೊಂಡಿತು. ಆ ಕಟ್ಟಡವಿರುವ ಬೀದಿಯ ಹೆಸರು ಫಿಟ್ಜ್‌ರಾಯ್ ರಸ್ತೆ.